ನಿಮ್ಮ ಕೈಯ ಚಾಳಿಯನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ಎರಡು ವರ್ಷದಿಂದ ಮನುಷ್ಯರ ಚಿತ್ರ ಬರೆಯುತ್ತಿದ್ದೇನೆ. ಯಾರ ಹತ್ತಿರವೂ ಕಲಿತಿಲ್ಲ. ಆಫೀಸು ಮುಗಿಸಿ ಬಂದು ದಿನಾ ಒಂದು ಗಂಟೆ ಕೂರುತ್ತೇನೆ. ಬರೆಯುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ವಾರ ಬಿಟ್ಟು ನೋಡಿದರೆ ಏನೋ ಸೊಟ್ಟ. ಆದರೆ ಎಲ್ಲಿ ಸೊಟ್ಟ ಅಂತ ಹೇಳಲು ಬರುವುದಿಲ್ಲ. ಮನೆಯವರು ‘ಸೂಪರ್’ ಅನ್ನುತ್ತಾರೆ. ಪರಿಚಯದ ಕಲಾವಿದರೊಬ್ಬರಿಗೆ ತೋರಿಸಿದೆ. ‘ಅನಾಟಮಿ ವೀಕು, ಪ್ರಾಕ್ಟೀಸ್ ಮಾಡಿ’ ಅಂದರು. ನನ್ನ ತಪ್ಪನ್ನು ನಾನೇ ಹಿಡಿಯುವುದು ಹೇಗೆ? ಬೇರೆಯವರಿಂದ ನಿಜವಾದ ಅಭಿಪ್ರಾಯ ಪಡೆಯುವುದು ಹೇಗೆ? ಮೂರು ಚಿತ್ರ ಜೊತೆಗಿಟ್ಟಿದ್ದೇನೆ.
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಮೂರು ಚಿತ್ರಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ನೋಡಿದೆ. ಒಂದು, ಬಸ್ ಸ್ಟ್ಯಾಂಡಿನಲ್ಲಿ ನಿಂತ ಹುಡುಗ. ಎರಡು, ಈಳಿಗೆ ಮಣೆ ಮುಂದೆ ಕೂತು ತರಕಾರಿ ಹೆಚ್ಚುತ್ತಿರುವ ನಿಮ್ಮ ಅಜ್ಜಿ. ಮೂರು, ಮೆಟ್ಟಿಲ ಮೇಲೆ ಕೂತು ಫೋನ್ ನೋಡುತ್ತಿರುವ ಹುಡುಗಿ. ಇದನ್ನು ಫೋಟೋ ನೋಡಿ ಬರೆದೆ ಅಂತ ಹಾಳೆಯ ಹಿಂದೆ ಗೀಚಿದ್ದೀರಿ.

ಗೆರೆ ಚೆನ್ನಾಗಿದೆ. ಇದು ಸುಮ್ನೆ ಹೇಳಿದ ಮಾತಲ್ಲ. ಅಜ್ಜಿಯ ಬೆನ್ನಿನ ಗೆರೆಯನ್ನು ಕತ್ತಿನಿಂದ ಸೊಂಟದವರೆಗೆ ಒಂದೇ ಉಸಿರಿಗೆ ಎಳೆದಿದ್ದೀರಿ. ಆ ಬೆನ್ನಿಗೆ ವಯಸ್ಸಾಗಿದೆ ಅಂತ ಗೊತ್ತಾಗುತ್ತದೆ. ಎರಡು ವರ್ಷದ ಕೆಲಸ ಅಲ್ಲಿ ಕಾಣುತ್ತಿದೆ.

ಆಮೇಲೆ ಅಳತೆಪಟ್ಟಿ ತೆಗೆದುಕೊಂಡೆ. ನಿಂತ ಹುಡುಗನ ತಲೆ ನೆತ್ತಿಯಿಂದ ಗದ್ದದವರೆಗೆ ಎಷ್ಟಿದೆಯೋ, ಅವನ ಪೂರ್ತಿ ಎತ್ತರ ಅದರ ಐದೂವರೆ ಪಟ್ಟು. ಬೆಳೆದ ಮನುಷ್ಯ ಸಾಮಾನ್ಯವಾಗಿ ಏಳೂವರೆ ತಲೆ ಎತ್ತರ ಇರುತ್ತಾನೆ. ಐದೂವರೆ ಅಂದರೆ ಸಣ್ಣ ಮಗುವಿನ ಲೆಕ್ಕ. ಆದರೆ ನಿಮ್ಮ ಹುಡುಗನಿಗೆ ಮೀಸೆ ಇದೆ! ಅಜ್ಜಿಯ ತಲೆಯೂ ದೊಡ್ಡದು. ಮೆಟ್ಟಿಲ ಮೇಲಿನ ಹುಡುಗಿಯದೂ ಅಷ್ಟೇ. ಮೂರೂ ಚಿತ್ರದಲ್ಲಿ ಪಾದ ಚಿಕ್ಕದು. ನಿಮಗೆ ಕಾಣುತ್ತಿರುವ ‘ಏನೋ ಸೊಟ್ಟ’ದಲ್ಲಿ ಮುಕ್ಕಾಲು ಪಾಲು ಇದೇ.

ಹಾಗಾಗಿ ‘ಅನಾಟಮಿ ವೀಕು’ ಅನ್ನುವ ಮಾತನ್ನು ಸದ್ಯ ಪಕ್ಕಕ್ಕಿಡಿ. ನಿಮ್ಮಲ್ಲಿ ನೂರು ತಪ್ಪಿಲ್ಲ. ಒಂದೇ ತಪ್ಪು ನೂರು ಸಲ ಆಗುತ್ತಿದೆ. ಇದನ್ನು ನಾನು ಕೈಯ ಚಾಳಿ ಅನ್ನುತ್ತೇನೆ. ಎಲ್ಲರ ಕೈಗೂ ಒಂದೊಂದು ಇರುತ್ತದೆ. ಒಬ್ಬರ ಕೈ ತಲೆ ದೊಡ್ಡದು ಮಾಡುತ್ತದೆ, ಒಬ್ಬರದು ಕಾಲು ಉದ್ದ ಮಾಡುತ್ತದೆ, ಇನ್ನೊಬ್ಬರದು ಎಲ್ಲರನ್ನೂ ಕಂಬದ ಹಾಗೆ ನೆಟ್ಟಗೆ ನಿಲ್ಲಿಸುತ್ತದೆ. ತಮ್ಮ ಚಾಳಿ ಯಾವುದು ಅಂತ ತಿಳಿಯದೆ ಪ್ರಾಕ್ಟೀಸ್ ಮಾಡಿದರೆ ಚಾಳಿಯೇ ಗಟ್ಟಿಯಾಗುತ್ತದೆ. ಇಪ್ಪತ್ತು ವರ್ಷ ದಿನಾ ಬರೆದು ಇಪ್ಪತ್ತು ವರ್ಷವೂ ಅದೇ ತಪ್ಪು ಮಾಡಿದವರನ್ನು ನಾನು ನೋಡಿದ್ದೇನೆ.

ಒಂದು ಊಹೆ ಮಾಡಲಾ? ನೀವು ನೆಲದ ಮೇಲೋ ಮಂಚದ ಮೇಲೋ ಕೂತು, ಪ್ಯಾಡನ್ನು ಮುಂದೆ ಚಪ್ಪಟೆಯಾಗಿ ಮಲಗಿಸಿ ಬರೆಯುತ್ತೀರಿ. ಹೌದಾ? ಹಾಳೆ ಚಪ್ಪಟೆಯಾಗಿ ಮಲಗಿದ್ದಾಗ ಅದರ ಕೆಳಗಿನ ಅಂಚು ಕಣ್ಣಿಗೆ ಹತ್ತಿರ, ಮೇಲಿನ ಅಂಚು ದೂರ. ಮೇಲಿನ ಭಾಗವನ್ನು ನೀವು ಓರೆಯಾಗಿ ನೋಡುತ್ತೀರಿ, ಅದು ಕುಗ್ಗಿ ಕಾಣುತ್ತದೆ. ರಸ್ತೆ ಮೇಲೆ ‘ನಿಧಾನ’ ಅಂತ ಉದ್ದುದ್ದ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಬೈಕಿನಲ್ಲಿ ಬರುವಾಗ ಅದು ಸರಿಯಾದ ಅಳತೆಯಲ್ಲೇ ಕಾಣುತ್ತದೆ. ನಿಮ್ಮ ಹಾಳೆಯಲ್ಲೂ ಅದೇ ನಡೆಯುತ್ತಿದೆ. ತಲೆ ಸರಿ ಕಾಣಲಿ ಅಂತ ಕೈ ಅದನ್ನು ಉದ್ದ ಎಳೆಯುತ್ತದೆ. ಬರೆಯುವಾಗ ಸರಿಯಾಗಿಯೇ ಕಾಣುತ್ತದೆ. ವಾರ ಬಿಟ್ಟು ಹಾಳೆಯನ್ನು ಎತ್ತಿ ಹಿಡಿದಾಗ ಗುಟ್ಟು ರಟ್ಟಾಗುತ್ತದೆ.

ಇದು ನಿಮ್ಮ ತಪ್ಪೋ ಹಲಗೆಯ ತಪ್ಪೋ ಅಂತ ತಿಳಿಯಲು ಒಂದು ಉಪಾಯವಿದೆ. ತಲೆ ಉದ್ದಕ್ಕೆ ಮಾತ್ರ ಜಾಸ್ತಿಯಾಗಿದ್ದರೆ ತಪ್ಪು ಹಲಗೆಯದು. ಅಗಲಕ್ಕೂ ಜಾಸ್ತಿಯಾಗಿದ್ದರೆ ತಪ್ಪು ಮೋಹದ್ದು. ಮುಖದ ಮೇಲೆ ನಮಗೆ ಆಸೆ ಜಾಸ್ತಿ. ಕಣ್ಣು, ಮೂಗು, ತುಟಿ ಎಲ್ಲ ಬರೆಯಲು ಜಾಗ ಬೇಕು, ಆದ್ದರಿಂದ ಮುಖ ಊದಿಕೊಳ್ಳುತ್ತದೆ. ಕಾಲಿಗೆ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತದೆ. ನಿಮ್ಮಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇದೆ. ಹುಡುಗನ ತಲೆ ಬರೀ ಉದ್ದ, ಅಜ್ಜಿಯದು ಅಗಲವೂ ಹೌದು. ಅಜ್ಜಿಯ ಮುಖದ ಮೇಲೆ ಪ್ರೀತಿ ಜಾಸ್ತಿ ಇದ್ದಿರಬೇಕು ಬಿಡಿ.

ಪರಿಹಾರ ತೀರಾ ಸರಳ. ಪ್ಯಾಡಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಓರೆ ಮಾಡಿ. ಅಥವಾ ಕುರ್ಚಿಯ ಬೆನ್ನಿಗೆ ಒರಗಿಸಿ. ನಿಮ್ಮ ನೋಟ ಹಾಳೆಗೆ ನೇರವಾಗಿ ಬೀಳಬೇಕು, ಅಷ್ಟೇ. ಮತ್ತೆ, ಕಣ್ಣು ಮೂಗಿಗೆ ಹೋಗುವ ಮೊದಲು ಹಾಳೆಯಲ್ಲಿ ಎರಡು ಗುರುತು ಹಾಕಿ. ನೆತ್ತಿ ಇಲ್ಲಿ, ಹಿಮ್ಮಡಿ ಇಲ್ಲಿ. ನಡುವೆ ಇನ್ನೊಂದು ಗುರುತು. ನಿಂತ ಮನುಷ್ಯನ ಅರ್ಧ ಎತ್ತರ ಹೆಚ್ಚುಕಮ್ಮಿ ತೊಡೆಗಳು ಕೂಡುವಲ್ಲಿಗೆ ಬರುತ್ತದೆ. ಹೊಸಬರಲ್ಲಿ ಹೆಚ್ಚಿನವರು ಅದನ್ನು ಹೊಕ್ಕುಳ ಅಂದುಕೊಂಡಿರುತ್ತಾರೆ. ಅದಕ್ಕೇ ಕಾಲು ಗಿಡ್ಡ ಆಗುವುದು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಬರೆಯುವಾಗ ತಪ್ಪು ಯಾಕೆ ಕಾಣುವುದಿಲ್ಲ? ಗೋಡೆಯ ಕ್ಯಾಲೆಂಡರ್ ಓರೆಯಾಗಿ ನೇತಾಡುತ್ತಿದ್ದರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಬಂದ ನೆಂಟರಿಗೆ ಬಾಗಿಲಲ್ಲೇ ಕಾಣುತ್ತದೆ. ಒಂದು ಗಂಟೆ ಒಂದೇ ಹಾಳೆ ನೋಡಿದರೆ ನೀವೂ ಆ ಹಾಳೆಯ ಮನೆಯವರಾಗಿಬಿಡುತ್ತೀರಿ. ಮತ್ತೆ ನೆಂಟರ ಕಣ್ಣು ತರಿಸಿಕೊಳ್ಳಬೇಕು.

ನಾನು ಕಲಿಯುತ್ತಿದ್ದಾಗ ಮೇಷ್ಟ್ರೊಬ್ಬರಿದ್ದರು. ಮಾತು ಕಡಿಮೆ. ನಾನು ಒಂದು ತಿಂಗಳು ಬರೆದ ಹಾಳೆಗಳನ್ನೆಲ್ಲ ತಂದು ಅವರ ಮುಂದಿಟ್ಟೆ. ಹೊಗಳುತ್ತಾರೆ ಅಂತ ಆಸೆ. ಅವರು ಒಂದೊಂದೇ ಹಾಳೆಯನ್ನು ಎತ್ತಿ, ಹಾಳೆಯ ಬೆನ್ನು ನನ್ನ ಕಡೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದರು. ಹಾಳೆಯ ಹಿಂದಿನಿಂದ ಗೆರೆಗಳು ಎಡಬಲ ತಿರುಗಿ ಕಂಡವು. ನಾನು ಬರೆದ ಜನರೆಲ್ಲ ಎಡಕ್ಕೆ ಬೀಳುತ್ತಿದ್ದರು. ಒಬ್ಬಿಬ್ಬರಲ್ಲ, ಎಲ್ಲರೂ. ಗಾಳಿಗೆ ಬಾಗಿದ ಜೋಳದ ಹೊಲದ ಹಾಗೆ. ಅಂದರೆ ನಾನು ಅವರನ್ನೆಲ್ಲ ಬಲಕ್ಕೆ ವಾಲಿಸಿ ಬರೆದಿದ್ದೆ. ಬಲಗೈ ಎಳೆಯುವ ದಿಕ್ಕಿಗೆ ಅವರೂ ಹೊರಟಿದ್ದರು. ಮೇಷ್ಟ್ರು ಏನೂ ಹೇಳಲಿಲ್ಲ. ಹಾಳೆಗಳನ್ನು ಕೈಗೆ ಕೊಟ್ಟು ಚಹಾ ಕುಡಿಯಲು ಹೋದರು.

ಇದೇನು ಹೊಸ ಉಪಾಯವಲ್ಲ. ಇಟಲಿಯ ವಿದ್ವಾಂಸ ಆಲ್ಬರ್ಟಿ 1435ರಲ್ಲೇ ಚಿತ್ರಕಾರರಿಗೆ ಕನ್ನಡಿ ಒಳ್ಳೆಯ ತೀರ್ಪುಗಾರ ಅಂತ ಬರೆದಿದ್ದ. ಚಿತ್ರದ ಸಣ್ಣ ಊನವೂ ಕನ್ನಡಿಯಲ್ಲಿ ಎದ್ದು ಕಾಣುತ್ತದೆ ಅನ್ನುವುದು ಅವನಿಗೂ ಸೋಜಿಗವಾಗಿತ್ತು. ಲಿಯೊನಾರ್ಡೊ ಡಾ ವಿಂಚಿ ಕೂಡ ಕೆಲಸದ ನಡುವೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಅನ್ನುತ್ತಿದ್ದ. ತಿರುಗಿದ ಚಿತ್ರ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ಬೇರೆಯವರ ತಪ್ಪು ನಮಗೆ ಬೇಗ ಕಾಣುತ್ತದೆ ಅನ್ನುವುದು ಅವನ ಲೆಕ್ಕ. ಮನುಷ್ಯನ ಸ್ವಭಾವ ಬಲ್ಲವನು.

ನಿಮಗೆ ಕನ್ನಡಿಯೂ ಬೇಡ. ಫೋನಿನಲ್ಲಿ ಫೋಟೋ ತೆಗೆದು ತಿರುಗಿಸಿದರೆ ಆಯಿತು. ಆದರೆ ಬರೆದು ಮುಗಿದ ಮೇಲಲ್ಲ, ಹತ್ತು ನಿಮಿಷಕ್ಕೊಮ್ಮೆ ನೋಡಿ. ಕೆಸರುಗಾರೆ ಹಸಿ ಇರುವಾಗಲೇ ಗೋಡೆ ತಿದ್ದಬೇಕು. ತಿರುಗಿಸಿದ ಚಿತ್ರವನ್ನು ತುಂಬಾ ಹೊತ್ತು ನೋಡಬೇಡಿ. ಮೊದಲ ಎರಡು ಸೆಕೆಂಡಿನಲ್ಲಿ ಕಂಡದ್ದೇ ನಿಜ. ಆಮೇಲೆ ಅದಕ್ಕೂ ಕಣ್ಣು ಒಗ್ಗಿಬಿಡುತ್ತದೆ.

ಗಾರೆ ಕೆಲಸದ ಮಾತು ಬಂತಲ್ಲ, ಅವರ ತೂಗುಗುಂಡು ನೋಡಿದ್ದೀರಾ? ದಾರದ ತುದಿಗೆ ಕಟ್ಟಿದ ಲೋಹದ ಗುಂಡು. ಚಿತ್ರ ಬರೆಯುವವರ ಜೇಬಿನಲ್ಲೂ ಅದು ಇರಬೇಕು. ಒಂದಡಿ ದಾರಕ್ಕೆ ಒಂದು ಬೀಗದಕೈ ಕಟ್ಟಿದರೆ ಸಾಕು. ಎದುರಿಗೆ ನಿಂತವರ ಮುಂದೆ ಕೈ ಚಾಚಿ ದಾರ ಇಳಿಬಿಡಿ. ಕಿವಿಯ ಕೆಳಗೆ ಏನು ಬರುತ್ತದೆ? ಹೆಗಲಾ? ಮೊಣಕೈಯಾ? ಹಾಳೆಯಲ್ಲೂ ಅದೇ ಬಂದಿದೆಯಾ?

ನಿಮ್ಮ ಬಸ್ ಸ್ಟ್ಯಾಂಡ್ ಹುಡುಗನಿಗೆ ಈ ಪರೀಕ್ಷೆ ಮಾಡಿದೆ. ಅವನು ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಸಡಿಲ ಬಿಟ್ಟು ನಿಂತಿದ್ದಾನೆ. ಯಾವುದಕ್ಕೂ ಒರಗಿಲ್ಲ, ಕೈಯಲ್ಲಿ ಭಾರವಿಲ್ಲ. ಹೀಗೆ ನಿಂತಾಗ ಕೊರಳ ಗುಳಿಯಿಂದ ಇಳಿಬಿಟ್ಟ ದಾರ ಭಾರ ಹೊತ್ತ ಕಾಲಿನ ಹರಡಿನ ಹತ್ತಿರ ಬೀಳಬೇಕು. ನಿಮ್ಮ ಚಿತ್ರದಲ್ಲಿ ಅದು ಪಾದದಿಂದ ಒಂದು ಹೆಬ್ಬೆಟ್ಟು ಆಚೆ ಬೀಳುತ್ತದೆ. ನಿಜವಾಗಿ ಹಾಗೆ ನಿಂತರೆ ಬಸ್ಸು ಬರುವ ಮೊದಲೇ ಅವನು ನೆಲ ಸೇರಿರುತ್ತಾನೆ. ಇನ್ನೊಂದು ವಿಷಯ. ಭಾರ ಹೊತ್ತ ಕಡೆ ಸೊಂಟ ಮೇಲೆ ಏರುತ್ತದೆ, ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ನೀವು ಕಾಲನ್ನು ಸಡಿಲ ಬಿಟ್ಟಿದ್ದೀರಿ, ಸೊಂಟ ಮತ್ತು ಹೆಗಲನ್ನು ಮಾತ್ರ ಮೇಜಿನ ಹಾಗೆ ಮಟ್ಟಸ ಇಟ್ಟಿದ್ದೀರಿ. ಕೆಳಗಿನ ಅರ್ಧ ಆರಾಮಾಗಿದೆ, ಮೇಲಿನ ಅರ್ಧ ಎನ್‌ಸಿಸಿ ಪರೇಡಿನಲ್ಲಿದೆ.

ಸೊಂಟ ಮತ್ತು ಹೆಗಲು ಹೀಗೆ ಎದುರುಬದುರು ವಾಲುವುದನ್ನು ನೋಡಬೇಕಾದರೆ ಬೇಲೂರಿಗೆ ಹೋಗಿ. ಶಿವಮೊಗ್ಗದಿಂದ ಅಂಥಾ ದೂರವೇನಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮದನಿಕೆಯರು ತ್ರಿಭಂಗಿಯ ಪಾಠಪುಸ್ತಕ ಇದ್ದ ಹಾಗೆ. ಕತ್ತು ಒಂದು ಕಡೆ, ಎದೆ ಇನ್ನೊಂದು ಕಡೆ, ಸೊಂಟ ಮತ್ತೊಂದು ಕಡೆ. ಆದರೂ ಯಾರೂ ಬೀಳುವುದಿಲ್ಲ. ಕಲ್ಲು ಅಲುಗಾಡುವುದೂ ಇಲ್ಲ, ‘ಇನ್ನೆಷ್ಟು ಹೊತ್ತು’ ಅಂತ ಕೇಳುವುದೂ ಇಲ್ಲ. ಒಂದು ಎಚ್ಚರಿಕೆ ಇರಲಿ. ಅವು ಮೇಲೆ, ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿವೆ. ನೀವು ಕೆಳಗಿನಿಂದ ಕತ್ತೆತ್ತಿ ನೋಡುತ್ತೀರಿ. ಹಾಗಾಗಿ ಉದ್ದದ ಅಳತೆ ಕಲಿಯಲು ಅದು ಜಾಗವಲ್ಲ. ಭಾರ ಎಲ್ಲಿ ಇಳಿಯುತ್ತಿದೆ ಅಂತ ನೋಡಲು ಹೋಗಿ.

ದಾರ ಇಲ್ಲದಿದ್ದರೆ ಇನ್ನೂ ಒಂದು ದಾರಿ ಇದೆ. ನೀವು ಬರೆದ ಭಂಗಿಯಲ್ಲಿ ನೀವೇ ನಿಲ್ಲಿ. ಬಾಗಿಲು ಹಾಕಿಕೊಂಡು ನಿಲ್ಲಿ, ಮನೆಯವರು ಗಾಬರಿಯಾಗುತ್ತಾರೆ. ಚಿತ್ರದಲ್ಲಿ ಮೊಣಕೈ ಎಲ್ಲಿದೆಯೋ ಅಲ್ಲೇ ಇಡಿ, ಪಾದ ಎಲ್ಲಿದೆಯೋ ಅಲ್ಲೇ. ಎಲ್ಲಿ ನೋಯುತ್ತದೆ, ಎಲ್ಲಿ ತಡವರಿಸುತ್ತೀರಿ, ಅಲ್ಲಿ ಚಿತ್ರ ತಪ್ಪಿದೆ. ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೊಡ್ಡ ಕಲಾವಿದರಾದ ಮೇಲೂ ಲಯ ತಿಳಿಯಲು ಕಥಕ್ ಕಲಿತರು. ಅವರ ರೇಖಾಚಿತ್ರದ ಕುಣಿಯುವವರನ್ನು ನೋಡಿ. ನಾಲ್ಕೈದು ಗೆರೆಯಲ್ಲಿ ಇಡೀ ದೇಹ ತಿರುಗುತ್ತದೆ. ಕಾಲು ಎತ್ತುವುದು ಹೇಗೆ ಅಂತ ಅವರ ಕಾಲಿಗೇ ಗೊತ್ತಿತ್ತು.

ಇನ್ನು ಅಜ್ಜಿ. ನಿಮ್ಮ ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ, ಅತಿ ಕಷ್ಟದ ಭಂಗಿಯೂ ಇದೇ. ಒಂದು ಕಾಲು ನೆಲದ ಮೇಲೆ ಮಡಚಿದೆ. ಇನ್ನೊಂದರ ಮಂಡಿ ಎದ್ದಿದೆ, ಪಾದ ಮಣೆಯನ್ನು ಒತ್ತಿ ಹಿಡಿದಿದೆ. ಎದ್ದ ಮಂಡಿಯ ತೊಡೆ ನೇರ ನಿಮ್ಮ ಕಡೆಗೇ ಬರುತ್ತಿದೆ. ಅಂದರೆ ಕಣ್ಣಿಗೆ ಅದು ಉದ್ದವಾಗಿ ಕಾಣಲೇಬಾರದು, ಮೋಟಾಗಿ ಕಾಣಬೇಕು. ನೀವು ಮಾತ್ರ ಅದನ್ನು ಪೂರ್ತಿ ಉದ್ದ ಬರೆದಿದ್ದೀರಿ. ತೊಡೆ ಇಷ್ಟುದ್ದ ಇರುತ್ತದೆ ಅಂತ ನಿಮಗೆ ಗೊತ್ತು. ಗೊತ್ತಿರುವುದೇ ತೊಂದರೆ. ಕಂಡದ್ದನ್ನು ಬಿಟ್ಟು ಗೊತ್ತಿರುವುದನ್ನು ಬರೆದಿರಿ. ಉದ್ದದ ತೊಡೆಗೆ ಜಾಗ ಮಾಡಲು ಮಂಡಿ ಪಕ್ಕಕ್ಕೆ ಸರಿಯಿತು. ಮಂಡಿ ಸರಿದ ಮೇಲೆ ಪಾದ ಮಣೆಯ ಮೇಲೆ ಕೂರಲಿಲ್ಲ. ಅದು ಮಣೆಯ ಪಕ್ಕದಲ್ಲಿ ನೆಲದಲ್ಲಿದೆ. ಈಳಿಗೆ ಈಗ ಯಾರ ಹಿಡಿತದಲ್ಲೂ ಇಲ್ಲ!

ಇಲ್ಲಿ ಎರಡು ಪರೀಕ್ಷೆ. ಮೊದಲನೆಯದು ಪೆನ್ಸಿಲ್ ಅಳತೆ. ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ. ಪೆನ್ಸಿಲಿನ ತುದಿ ಅಜ್ಜಿಯ ನೆತ್ತಿಗೆ, ಹೆಬ್ಬೆರಳ ಉಗುರು ಗದ್ದಕ್ಕೆ. ಈಗ ಆ ಉದ್ದವನ್ನು ತೊಡೆಯ ಮೇಲೆ ಹಿಡಿಯಿರಿ. ತೊಡೆ ಎಷ್ಟು ತಲೆಯಷ್ಟಿದೆ? ಮುಕ್ಕಾಲು ತಲೆಯಷ್ಟೂ ಇರಲಿಕ್ಕಿಲ್ಲ. ನಂಬಲು ಕಷ್ಟ. ನಂಬಿ. ಮೊಣಕೈ ಒಂದು ಸಲ ಮಡಚಿದರೂ ಅಳತೆ ಕೆಟ್ಟಿತು, ಅದು ನೆನಪಿರಲಿ.

ಎರಡನೆಯದು ಖಾಲಿ ಜಾಗ ನೋಡುವುದು. ಅಜ್ಜಿಯ ಎದೆ, ತೋಳು, ಎದ್ದ ಮಂಡಿ ಇವುಗಳ ನಡುವೆ ಒಂದು ಸಂದು ಇದೆ. ಅದರಲ್ಲಿ ಹಿಂದಿನ ಗೋಡೆ ಕಾಣುತ್ತದೆ. ಆ ಸಂದಿನ ಆಕಾರ ಏನು? ತ್ರಿಕೋನವಾ, ಎಲೆಯ ಹಾಗಿದೆಯಾ? ಅದನ್ನೊಂದು ವಸ್ತು ಅಂದುಕೊಂಡು ಅದನ್ನೇ ಬರೆಯಿರಿ. ತೋಳು ಹೇಗಿರಬೇಕು ಅಂತ ನಮ್ಮ ತಲೆಯಲ್ಲಿ ಮೊದಲೇ ಒಂದು ಚಿತ್ರ ಇರುತ್ತದೆ, ಖಾಲಿ ಸಂದು ಹೇಗಿರಬೇಕು ಅಂತ ಇರುವುದಿಲ್ಲ. ಹಾಗಾಗಿ ಅಲ್ಲಿ ಮೋಸ ಮಾಡಲು ಬರುವುದಿಲ್ಲ. ಸೀರೆ ಉಟ್ಟವರನ್ನು ಬರೆಯುವಾಗ ಇದು ಇನ್ನೂ ಉಪಯೋಗ. ನೆರಿಗೆಗಳು ಸೊಂಟ, ಮಂಡಿ ಎಲ್ಲವನ್ನೂ ಮುಚ್ಚಿ ಹಾಕುತ್ತವೆ. ಆದರೆ ಸಂದುಗಳನ್ನು ಮುಚ್ಚಲು ಆಗುವುದಿಲ್ಲ.

ಮೂರನೆಯ ಚಿತ್ರಕ್ಕೆ ಜಾಸ್ತಿ ಹೇಳುವುದಿಲ್ಲ, ಅದರಲ್ಲಿ ಅರ್ಧ ತಪ್ಪು ಕ್ಯಾಮೆರಾದ್ದು. ತೀರಾ ಹತ್ತಿರದಿಂದ ಫೋನ್ ಹಿಡಿದರೆ ಮುಂದಿರುವುದೆಲ್ಲ ಊದಿಕೊಳ್ಳುತ್ತದೆ. ಆ ಹುಡುಗಿಯ ಮಂಡಿಗಳು ಕುಂಬಳಕಾಯಿಯಾಗಿರುವುದು ಅದಕ್ಕೇ. ನಾಲ್ಕೈದು ಹೆಜ್ಜೆ ಹಿಂದೆ ಹೋಗಿ ಝೂಮ್ ಮಾಡಿ ತೆಗೆಯಿರಿ. ಫೋಟೋ ನೋಡಿ ಬರೆಯುವುದರಲ್ಲಿ ಒಂದು ಲಾಭ ಇದೆ. ಚಿತ್ರವನ್ನು ಫೋಟೋದ ಅಳತೆಗೇ ಬರೆದಿದ್ದರೆ, ಫೋಟೋದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮುಖ್ಯ ಗೆರೆಗಳನ್ನು ಕೆಂಪು ಪೆನ್ಸಿಲಿನಲ್ಲಿ ಎತ್ತಿಕೊಂಡು, ನಿಮ್ಮ ಚಿತ್ರದ ಮೇಲೆ ಹಾಸಬಹುದು. ಎಲ್ಲಿ ಎಷ್ಟು ಸರಿದಿದೆ ಅಂತ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಆದರೆ ಬರೆದ ಮೇಲೆ ಮಾತ್ರ. ಮೊದಲೇ ಟ್ರೇಸ್ ಮಾಡಿದರೆ ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ.

ಅಂದ ಹಾಗೆ, ತಲೆ ಲೆಕ್ಕದ ಬಗ್ಗೆ ಒಂದು ಗೊಂದಲ ಅನೇಕರಿಗಿದೆ, ಸರಿ ಮಾಡಿಬಿಡುತ್ತೇನೆ. ಪಾಶ್ಚಾತ್ಯ ಪದ್ಧತಿಯಲ್ಲಿ ಏಳೂವರೆ, ಎಂಟು ತಲೆ ಅನ್ನುತ್ತಾರೆ. ನಮ್ಮ ಶಿಲ್ಪಿಗಳು ನವತಾಳ ಅನ್ನುತ್ತಾರೆ. ‘ನಮ್ಮವರು ಒಂಬತ್ತು ತಲೆ ಮಾಡುತ್ತಿದ್ದರು, ಅದಕ್ಕೇ ದೇವರು ಅಷ್ಟು ಎತ್ತರ’ ಅಂತ ಒಬ್ಬರು ನನ್ನ ಜೊತೆ ವಾದಕ್ಕೇ ಬಿದ್ದಿದ್ದರು. ತಾಳ ಅಂದರೆ ಪೂರ್ತಿ ತಲೆಯಲ್ಲ. ಹಣೆಯ ಮೇಲಿನಿಂದ ಗದ್ದದವರೆಗಿನ ಮುಖ, 12 ಅಂಗುಲ. ಇಲ್ಲಿ ಅಂಗುಲ ಅಂದರೆ ಇಂಚಲ್ಲ, ತಾಳದ ಹನ್ನೆರಡನೆಯ ಒಂದು ಪಾಲು. ಒಂಬತ್ತು ತಾಳ ಅಂದರೆ 108 ಅಂಗುಲ. ರೂಢಿಯ ಒಂದು ಲೆಕ್ಕದಲ್ಲಿ ಮುಖದ ಮೇಲಿನ ನೆತ್ತಿಯ ಭಾಗಕ್ಕೆ ಕಾಲು ತಾಳ, ಅಂದರೆ 3 ಅಂಗುಲ. ಮುಖ, ನೆತ್ತಿ ಸೇರಿ ತಲೆ 15 ಅಂಗುಲ. 108ನ್ನು 15ರಿಂದ ಭಾಗಿಸಿ. ಏಳು ತಲೆಗಿಂತ ಚೂರು ಜಾಸ್ತಿ! ಬಸ್ ಸ್ಟ್ಯಾಂಡಿನಲ್ಲಿ ನಿಂತ ಮನುಷ್ಯನಿಗೂ ಅದಕ್ಕೂ ಏನು ದೂರ? ಆದರೆ ಏಳೂವರೆ ಇರಲಿ, ನವತಾಳ ಇರಲಿ, ಅದನ್ನು ಇಟ್ಟುಕೊಂಡು ಬರೆಯಲು ಹೊರಡಬೇಡಿ. ಬರೆದ ಮೇಲೆ ಒರೆಗೆ ಹಚ್ಚಲು ಇಟ್ಟುಕೊಳ್ಳಿ. ನಿಮ್ಮ ಅಜ್ಜಿ ಶಾಸ್ತ್ರ ಓದಿ ಬೆಳೆದವರಲ್ಲ.

ಈಗ ಚಾಳಿ ಹಿಡಿಯುವ ಕೆಲಸ. ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಪ್ರತಿ ಚಿತ್ರ ಮುಗಿದ ಮೇಲೆ ಕನ್ನಡಿ, ದಾರ, ಅಳತೆ ಮೂರೂ ಮಾಡಿ, ಅತಿ ದೊಡ್ಡ ತಪ್ಪು ಯಾವುದೋ ಅದೊಂದನ್ನೇ ಒಂದು ಸಾಲಿನಲ್ಲಿ ಬರೆಯಿರಿ. ಒಂದೇ ತಪ್ಪು, ಅದರ ದಿಕ್ಕು. ‘ಕೈ ಸರಿಯಿಲ್ಲ’ ಅಂತ ಬರೆಯಬೇಡಿ, ಅದರಿಂದ ಏನೂ ಸಿಗುವುದಿಲ್ಲ. ‘ಮುಂಗೈ ಗಿಡ್ಡ’ ಅಂತ ಬರೆಯಿರಿ. ಮುಂಗೈ ಅಳೆಯುವುದು ಹೇಗೆ ಅನ್ನುತ್ತೀರಾ? ನಿಮ್ಮ ಪಾದವನ್ನೇ ಮುಂಗೈ ಮೇಲೆ ಇಟ್ಟು ನೋಡಿ. ಮಣಿಕಟ್ಟಿನಿಂದ ಮೊಣಕೈ ಮಡಿಕೆಯವರೆಗೆ ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ. ನಿಮ್ಮ ಚಿತ್ರಗಳ ಚಿಕ್ಕ ಪಾದಕ್ಕೂ ಇದೇ ಮದ್ದು.

ನನ್ನ ಹಳೆಯ ನೋಟ್‌ಬುಕ್ ಇನ್ನೂ ಇದೆ. ಮೊದಲ 20 ಚಿತ್ರಗಳಲ್ಲಿ 14ಕ್ಕೆ ಒಂದೇ ಸಾಲು: ‘ಬಲಕ್ಕೆ ವಾಲಿದೆ.’ ಹದಿನೈದನೆಯ ಸಲ ‘ಥೂ, ಮತ್ತೆ’ ಅಂತ ಬರೆದಿದ್ದೇನೆ. 20 ಚಿತ್ರ ಆದ ಮೇಲೆ ನಿಮ್ಮ ಪಟ್ಟಿ ಓದಿ. ಯಾವ ಸಾಲು ಜಾಸ್ತಿ ಸಲ ಬಂದಿದೆಯೋ ಅದೇ ನಿಮ್ಮ ಚಾಳಿ. ಈಗ ಎರಡು ವಾರ ಬೇಕೆಂದೇ ಉಲ್ಟಾ ತಪ್ಪು ಮಾಡಿ. ತಲೆ ‘ತೀರಾ ಚಿಕ್ಕದಾಯಿತು’ ಅನ್ನಿಸುವಷ್ಟು ಚಿಕ್ಕದಾಗಿ ಬರೆಯಿರಿ. ಆಮೇಲೆ ಅಳೆಯಿರಿ. ಬಹಳ ಸಲ ಅದೇ ಸರಿ ಇರುತ್ತದೆ! ಕೆಲವು ದಿನ ತಪ್ಪು ಆ ಕಡೆಗೂ ಹೋಗುತ್ತದೆ. ಹೋಗಲಿ. ಹೊಸದಾಗಿ ಸೈಕಲ್ ಕಲಿಯುವವರು ಎಡಕ್ಕೂ ಬಲಕ್ಕೂ ಹ್ಯಾಂಡಲ್ ತಿರುಗಿಸುವುದಿಲ್ವಾ, ಹಾಗೆ. ಹಳೆಯ ಚಿತ್ರಗಳನ್ನು ಮಾತ್ರ ತಿದ್ದಬೇಡಿ, ಹರಿಯಲೂ ಬೇಡಿ. ದಿನಾಂಕ ಹಾಕಿ ಎತ್ತಿಡಿ. ಅವು ನಿಮ್ಮ ಸಾಕ್ಷಿಗಳು.

ಇನ್ನು ಬೇರೆಯವರ ಅಭಿಪ್ರಾಯ. ಮನೆಯವರ ‘ಸೂಪರ್’ ಮೇಲೆ ಬೇಸರ ಬೇಡ. ಅವರು ನಿಮ್ಮನ್ನು ನೋಡುತ್ತಿದ್ದಾರೆ, ಚಿತ್ರವನ್ನಲ್ಲ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂತಲೇ ಉತ್ತರ ಬರುವುದು. ಊಟಕ್ಕೆ ಕರೆದವರು ‘ಸಾರು ಹೇಗಿದೆ’ ಅಂತ ಕೇಳಿದರೆ ನೀವೇನು ಹೇಳುತ್ತೀರಿ? ಪ್ರಶ್ನೆ ಬದಲಾಯಿಸಿ. ‘ಇವರು ಏನು ಮಾಡುತ್ತಿದ್ದಾರೆ? ವಯಸ್ಸು ಎಷ್ಟಿರಬಹುದು? ಯಾವ ಕಾಲಿನ ಮೇಲೆ ನಿಂತಿದ್ದಾರೆ? ಕೈಯಲ್ಲಿರುವುದು ಭಾರವಾ, ಹಗುರವಾ?’ ಇದಕ್ಕೆ ಉತ್ತರ ಕೊಡಲು ಯಾರೂ ಕಲಾವಿದರಾಗಬೇಕಿಲ್ಲ. ಸಂಕೋಚವೂ ಇರುವುದಿಲ್ಲ. ಮೀಸೆಯ ಹುಡುಗನನ್ನು ನಿಮ್ಮ ಅಮ್ಮ ‘ನಾಟಕಕ್ಕೆ ಮೀಸೆ ಅಂಟಿಸಿಕೊಂಡ ಮಗುವಾ?’ ಅಂದರೆ, ಅದಕ್ಕಿಂತ ಒಳ್ಳೆಯ ವಿಮರ್ಶೆ ನಿಮಗೆ ಎಲ್ಲೂ ಸಿಗಲಿಕ್ಕಿಲ್ಲ.

ನನಗೆ ಸಿಕ್ಕ ಒಳ್ಳೆಯ ವಿಮರ್ಶೆಗಳಲ್ಲಿ ಒಂದು ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದು. ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸನ್ನು ಬರೆದಿದ್ದೆ. ಬುಟ್ಟಿಯ ಹೆಣಿಗೆ, ಸೆರಗಿನ ಅಂಚು, ಎಲ್ಲ ಅಚ್ಚುಕಟ್ಟು. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದಾಕೆ ಬಗ್ಗಿ ನೋಡಿ ಕೇಳಿದಳು: ‘ಬುಟ್ಟಿ ಖಾಲಿ ಅಲ್ವಾ ಸಾ?’ ಖಾಲಿಯಲ್ಲ, ಅದರ ತುಂಬ ಟೊಮೆಟೊ ಇತ್ತು. ಆದರೆ ನಾನು ಬರೆದ ಕತ್ತು ಆರಾಮಾಗಿ ಒಂದು ಕಡೆ ವಾಲಿತ್ತು. ಟೊಮೆಟೊ ಹೊತ್ತ ಕತ್ತು ಹಾಗೆ ವಾಲುವುದಿಲ್ಲ. ಕಂಬದ ಹಾಗೆ ನೆಟ್ಟಗಿರುತ್ತದೆ, ಹೆಗಲು ಗಟ್ಟಿಯಾಗಿರುತ್ತದೆ, ಓಲಾಟ ಏನಿದ್ದರೂ ಸೊಂಟದ ಕೆಳಗೆ. ಅದು ಆಕೆಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಪ್ರಾಚೀನ ಗ್ರೀಸಿನ ಚಿತ್ರಕಾರ ಅಪೆಲ್ಲೀಸ್ ಬಗ್ಗೆ ಒಂದು ಕತೆ ಇದೆ, ರೋಮಿನ ಲೇಖಕ ಪ್ಲಿನಿ ಬರೆದಿಟ್ಟದ್ದು. ಅವನು ಚಿತ್ರವನ್ನು ದಾರಿಹೋಕರಿಗೆ ಕಾಣುವ ಹಾಗಿಟ್ಟು, ಹಿಂದೆ ಅಡಗಿ ಜನರ ಮಾತು ಕೇಳುತ್ತಿದ್ದನಂತೆ. ಚಪ್ಪಲಿ ಹೊಲಿಯುವವನೊಬ್ಬ ಚಿತ್ರದ ಚಪ್ಪಲಿಯಲ್ಲಿ ತಪ್ಪು ತೋರಿಸಿದ. ಅಪೆಲ್ಲೀಸ್ ತಿದ್ದಿದ. ಮರುದಿನ ಅದೇ ಮನುಷ್ಯ ಕಾಲಿನ ಬಗ್ಗೆಯೂ ಮಾತೆತ್ತಿದಾಗ, ಚಪ್ಪಲಿಯಿಂದ ಮೇಲೆ ಬರಬೇಡ ಅಂತ ಗದರಿದ. ಜನ ಇದನ್ನು ಅಪೆಲ್ಲೀಸ್ ಪರವಾಗಿ ಹೇಳುತ್ತಾರೆ. ನನಗೇನೋ ಆ ಚಪ್ಪಲಿಯವನ ಪೂರ್ತಿ ಮಾತು ಕೇಳಬೇಕಿತ್ತು ಅನ್ನಿಸುತ್ತದೆ. ದಿನಾ ಪಾದ ಹಿಡಿದು ಅಳತೆ ತೆಗೆಯುವವನಿಗೆ ಕಾಲು ಗೊತ್ತಿರುವುದಿಲ್ವಾ?

ಬರೆಯುವವರ ಜೊತೆಗಿನ ಮಾತುಕತೆ ಬೇರೆ ಥರ. ಊರಲ್ಲಿ ನಿಮ್ಮ ಹಾಗೇ ಬರೆಯುವ ಇನ್ನಿಬ್ಬರನ್ನು ಹುಡುಕಿ. ತಿಂಗಳಿಗೊಮ್ಮೆ ಸೇರಿ. ನಿಮ್ಮ ಚಿತ್ರದ ಸರದಿ ಬಂದಾಗ ಐದು ನಿಮಿಷ ಬಾಯಿ ಮುಚ್ಚಿ ಕೂರಿ. ‘ಅದು ಬೆಳಕು ಕಡಿಮೆ ಇತ್ತು’, ‘ಅವರು ಅಲುಗಾಡಿಬಿಟ್ಟರು’ ಅನ್ನುವುದೆಲ್ಲ ಬೇಡ. ಹೇಳಿದ್ದನ್ನು ಬರೆದುಕೊಳ್ಳಿ. ಮನೆಗೆ ಬಂದು ವಿಂಗಡಿಸಿ. ದಾರ, ಅಳತೆಯಿಂದ ಪರೀಕ್ಷಿಸಬಹುದಾದ ಮಾತಿದ್ದರೆ ಪರೀಕ್ಷಿಸಿ. ‘ಶೇಡಿಂಗ್ ಇನ್ನೂ ಗಾಢ ಇರಬೇಕಿತ್ತು’ ಅನ್ನುವಂಥದ್ದು ರುಚಿಯ ಮಾತು. ಅದನ್ನು ಸದ್ಯ ಬಿಡಿ. ಮತ್ತೆ, ಜನ ಬೆರಳು ಇಟ್ಟ ಜಾಗದಲ್ಲೇ ತಪ್ಪು ಇರಬೇಕೆಂದಿಲ್ಲ. ನನ್ನ ಒಂದು ಚಿತ್ರದಲ್ಲಿ ಮೂವರೂ ‘ಅಂಗೈ ದೊಡ್ಡದು’ ಅಂದರು. ಅಳೆದೆ. ಬೆರಳೂ ಸೇರಿ ಗದ್ದದಿಂದ ಹಣೆಯ ಮೇಲಿನವರೆಗೆ ಬರಬೇಕು, ಸರಿಯಾಗೇ ಇತ್ತು. ಮುಂಗೈ ಗಿಡ್ಡವಾಗಿತ್ತು, ಹಾಗಾಗಿ ಅಂಗೈ ದೊಡ್ಡದಾಗಿ ಕಂಡಿತ್ತು. ನಾನು ಅಂಗೈ ತಿದ್ದಿದ್ದರೆ ಎರಡು ತಪ್ಪಾಗುತ್ತಿತ್ತು.

ನಿಮ್ಮ ಪರಿಚಯದ ಕಲಾವಿದರು ಹೇಳಿದ್ದಕ್ಕೂ ಒಂದು ಮಾತು. ನನಗೂ ಒಮ್ಮೆ ಹಿರಿಯರೊಬ್ಬರು ನನ್ನ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದು ಕೊಟ್ಟಿದ್ದರು. ಯಾಕೆ ಅಂತ ಹೇಳಲಿಲ್ಲ. ಮೂರು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಅದನ್ನು ಆಗ ‘ನೇರ ಮಾತು’ ಅಂತ ಎಲ್ಲರೂ ಹೊಗಳಿದರು. ನೇರ ಮಾತಿನಲ್ಲಿ ಜಾಗ ಇರಬೇಕು, ಅಳತೆ ಇರಬೇಕು. ‘ಎಡ ಮಂಡಿ ಒಂದು ಬೆರಳು ಕೆಳಗಿದೆ’ ಅನ್ನುವುದು ನೇರ ಮಾತು. ಯಾರಾದರೂ ‘ಅನಾಟಮಿ ವೀಕು’ ಅಂದರೆ, ವಿನಯದಿಂದಲೇ ‘ಯಾವ ಜಾಗದಲ್ಲಿ, ತೋರಿಸ್ತೀರಾ’ ಅಂತ ಪೆನ್ಸಿಲ್ ಮುಂದೆ ಚಾಚಿ. ತೋರಿಸಿದರೆ ಅವರಿಂದ ಕಲಿಯಿರಿ. ತೋರಿಸದಿದ್ದರೆ ಚಹಾ ಕುಡಿಸಿ ಕಳಿಸಿ.

ಅನಾಟಮಿ ಬೇಡವೇ ಬೇಡ ಅಂತಲ್ಲ. ಸದ್ಯಕ್ಕೆ ಎದೆಗೂಡು, ಸೊಂಟದ ಮೂಳೆ, ಇವೆರಡರ ವಾಲಿಕೆ ಗೊತ್ತಿದ್ದರೆ ಸಾಕು. ಸ್ನಾಯುಗಳ ಹೆಸರು ಮುಂದಿನ ವರ್ಷ ಕಲಿತರೂ ನಡೆಯುತ್ತದೆ.

ಈ ಭಾನುವಾರ ಪ್ಯಾಡನ್ನು ಓರೆಯಾಗಿಟ್ಟು ಅಜ್ಜಿಯನ್ನೇ ಇನ್ನೊಮ್ಮೆ ಬರೆಯಿರಿ. ಮೊದಲು ಆ ಖಾಲಿ ಸಂದು, ಆಮೇಲೆ ಮಂಡಿ, ಕೊನೆಗೆ ಮುಖ. ಬರೆದಾದ ಮೇಲೆ ಅವರಿಗೇ ತೋರಿಸಿ. ‘ಹೇಗಿದೆ ಅಜ್ಜಿ’ ಅಂತ ಕೇಳಬೇಡಿ. ‘ಹೀಗೆ ಕಾಲಿಟ್ಟರೆ ಈಳಿಗೆ ಅಲುಗಾಡುತ್ತಾ?’ ಅಂತ ಕೇಳಿ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನ ಮೊದಲ ಸಾಲಾಗಿ ಬರೆದು, ಚಿತ್ರದ ಜೊತೆ ನನಗೂ ಕಳಿಸಿ.